ಬರಬೇಕಿದ್ದ ಹಡಗುಗಳಿಗೆ ರೇಷ್ಮೆ ಹಗ್ಗ

ಮೊನ್ನೆ ಕ್ಲಾಸು ಮುಗಿಸಿ ಬಂದು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಫೋನು ಬಂತು. ಕೊರಿಯರಿನವನು.

"ಸಾರ್, ಫಾರಿನ್ನಿಂದ ಒಂದು ಪಾರ್ಸಲ್ ಬಂದೈತೆ. ಮೇಡಂ ನಂಬರು ಸ್ವಿಚ್ಡ್ ಆಫ್ ಬರ್ತೈತೆ. ಇನ್ನೊಂದು ನಂಬರು ಅಂತ ನಿಮ್ದು ಹಾಕವ್ರೆ. ಮೇಡಂ ಎಷ್ಟೊತ್ತಿಗೆ ಸಿಗ್ತಾರೆ?"

ಏನು ಹೇಳಲಿ ಅವನಿಗೆ? "ಕಾಲೇಜಿಗೇ ತಂದ್ಬಿಡಪ್ಪ, ನಾನು ತಗೋತೀನಿ" ಅಂದೆ. ಅವನು ತಂದ. ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ದೊಡ್ಡ ಡಬ್ಬ. ಮೇಲೆ ಮೇಡಂ ಹೆಸರು, ಶಿಡ್ಲಘಟ್ಟದ ವಿಳಾಸ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅದನ್ನು ನೋಡಿದರು. ಒಂದೂವರೆ ವರ್ಷ "ಏನ್ ಮೇಡಂ, ಹಡಗು ಬಂತಾ?" ಎಂದು ರೇಗಿಸುತ್ತಿದ್ದವರೇ ಎಲ್ಲರೂ. ಈಗ ಬಂದಿದೆ. ಮೇಡಂ ತೀರಿಹೋಗಿ ಎರಡು ತಿಂಗಳಾದ ಮೇಲೆ. ನನಗೆ ಬಂದ ಸಿಟ್ಟಿಗೆ ಆ ಡಬ್ಬವನ್ನು ಎತ್ತಿ ರಸ್ತೆಗೆ ಎಸೆಯಬೇಕು ಅನ್ನಿಸಿತು. ಡಬ್ಬದ ತಪ್ಪೇನು, ಹೇಳಿ. ಬೆಂಚಿನ ಕೆಳಗಿಟ್ಟು ಊಟ ಮಾಡಿದೆ, ಊಟ ಸೇರಲಿಲ್ಲ.

ಮಕ್ಕಳು ಅವರನ್ನು ಹಡಗಮ್ಮ ಎನ್ನುತ್ತಿದ್ದರು. ಹಿಂದಿನಿಂದ ಅಲ್ಲ, ಎದುರಿಗೇ. ಅವರಿಗೂ ಬೇಸರವಿರಲಿಲ್ಲ. ನಮ್ಮ ಪಿಯು ಕಾಲೇಜಿನಲ್ಲಿ ಅವರು ಭೌತಶಾಸ್ತ್ರ, ನಾನು ಕನ್ನಡ. ನಾನು ಗೌರಿಬಿದನೂರಿನ ಕಡೆಯವನು, ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬಂದು ಹೋಗುವವನು. ಶಿಡ್ಲಘಟ್ಟಕ್ಕೆ ಬಂದ ಹೊಸತರಲ್ಲಿ ರೇಷ್ಮೆ ಗೂಡು ಬೇಯಿಸುವ ವಾಸನೆಗೆ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದೆ. ಅವರು ನೋಡಿ ನಕ್ಕುಬಿಟ್ಟರು. "ಮೂಗು ಮುಚ್ಕೊಂಡ್ರೆ ಬಾಯಲ್ಲಿ ಹೋಗ್ತದೆ ಸಾರ್. ಪೋನೀ, ಬಿಟ್ಬಿಡಿ. ಆರು ತಿಂಗಳಾದ್ಮೇಲೆ ಈ ವಾಸನೆ ಇಲ್ದಿದ್ರೆ ಊಟ ಸೇರಲ್ಲ ನಿಮಗೆ." ಮನೆಯಲ್ಲಿ ತೆಲುಗು ಆಡುವವರು, ಮಾತಿಗೊಂದು 'ಪೋನೀ' ಬೀಳುತ್ತಿತ್ತು. ಹೋಗಲಿ ಬಿಡಿ ಎಂದು ಅದರ ಅರ್ಥ. ಆದರೆ ಅವರು ಯಾವುದನ್ನೂ ಹೋಗಲಿ ಎಂದು ಬಿಟ್ಟಿದ್ದನ್ನು ನಾನು ಕಾಣೆ.

ಐವತ್ತು ದಾಟಿದ್ದ, ಮದುವೆಯಾಗದ, ತೆಳ್ಳಗಿನ ಹೆಂಗಸು. ಕಾಟನ್ ಸೀರೆ, ಕೈಯಲ್ಲಿ ಗಡಿಯಾರ, ಹೆಗಲಿಗೆ ಜೋತುಬಿದ್ದ ಒಂದು ಚೀಲ. ಆ ಚೀಲದಲ್ಲಿ ಉತ್ತರಪತ್ರಿಕೆಗಳ ಜೊತೆಗೆ ಒಂದೆರಡು ಹಡಗು ಇದ್ದೇ ಇರುತ್ತಿದ್ದವು. ಬೆರಳುದ್ದದವು. ಲಾಕ್‌ಡೌನಿನಲ್ಲಿ ಎಲ್ಲರೂ ಹಪ್ಪಳ ಸಂಡಿಗೆ ಅಂತ ಕೂತಿದ್ದಾಗ ಇವರು ಮೊಬೈಲಿನಲ್ಲಿ ಯಾರೋ ಪರದೇಶದವರು ಸಣ್ಣ ಸಣ್ಣ ಹಡಗಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಯುದ್ಧ ಆಡುವುದನ್ನು ನೋಡಿ, ಅದಕ್ಕೆ ಬಿದ್ದರು. ಬಿದ್ದವರು ಏಳಲಿಲ್ಲ.

ಪ್ರಿನ್ಸಿಪಾಲರು ಒಮ್ಮೆ ಮುಖ ಸಿಂಡರಿಸಿದರು. "ಏನ್ ಮೇಡಂ, ಈ ವಯಸ್ಸಲ್ಲಿ ಬೊಂಬೆ ಆಟ?"

"ನೀವು ಭಾನುವಾರ ಇಸ್ಪೀಟ್ ಆಡ್ತೀರಲ್ಲ ಸಾರ್, ಅದ್ರಲ್ಲಿರೋ ರಾಜ ರಾಣಿ ಏನು, ನಿಜವಾದೋರಾ?"

ಆಮೇಲೆ ಪ್ರಿನ್ಸಿಪಾಲರು ಆ ವಿಷಯ ಎತ್ತಲಿಲ್ಲ.

ಇಷ್ಟೆಲ್ಲ ಹಡಗಿನ ಹುಚ್ಚು ಇದ್ದವರಿಗೆ ಸಮುದ್ರ ಕಂಡರೆ ಆಗುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಮೌಲ್ಯಮಾಪನಕ್ಕೆಂದು ಮಂಗಳೂರಿಗೆ ಹೋಗಿದ್ದಾಗ ಜೊತೆಯವರು ಎಳೆದುಕೊಂಡು ಹೋಗಿದ್ದರಂತೆ. ಸ್ವಲ್ಪ ಹೊತ್ತು ನಿಂತು ವಾಪಸು ಬಂದರಂತೆ. "ಉಪ್ಪು, ಮರಳು, ಜನ. ಒಂದು ಗಳಿಗೆ ಸುಮ್ನೆ ನಿಲ್ಲಲ್ಲ ಅದು. ನಂದೇ ಚೆನ್ನಾಗಿದೆ ಸಾರ್, ಮಡಿಸಿ ಬೀರುವಲ್ಲಿ ಇಟ್ಕೊಬೌದು."

ಅವರ ಸಮುದ್ರ ಒಂದು ದಪ್ಪ ಹತ್ತಿ ಬಟ್ಟೆ. ತಾವೇ ನೀಲಿ ಬಣ್ಣ ಹಾಕಿದ್ದು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಅವರ ಮನೆಯ ನಡುಮನೆಯಲ್ಲಿ ಅದನ್ನು ಹಾಸಿ ಆಡುತ್ತಿದ್ದೆವು. ಅವರ ತಂಗಿ ಕಾಫಿ ಕೊಡುತ್ತಿದ್ದರು. ಅಕ್ಕ ತಂಗಿ ಇಬ್ಬರೇ ಆ ಮನೆಯಲ್ಲಿ. ತಂಗಿ ಅಂಗನವಾಡಿಯಲ್ಲಿ ಕೆಲಸ ಮಾಡುವವರು, ದಿನವಿಡೀ ಮಕ್ಕಳ ಜೊತೆ ಗಂಟಲು ಹರಿದುಕೊಂಡು ಬಂದವರಿಗೆ ಈ ಆಟ ನೋಡಿದರೆ ರೇಗುತ್ತಿತ್ತು. "ಅಲ್ಲೂ ಮಕ್ಕಳು, ಇಲ್ಲೂ ಮಕ್ಕಳು" ಎಂದು ಲೋಟ ಕುಕ್ಕಿ ಹೋಗುತ್ತಿದ್ದರು. ನಾನು ಒಂದು ಸಲವೂ ಗೆಲ್ಲಲಿಲ್ಲ. ಸೋತಾಗಲೆಲ್ಲ ಅವರ ಸಮಾಧಾನ ಒಂದೇ: "ಬೇಜಾರ್ ಮಾಡ್ಕೊಬೇಡಿ ಸಾರ್, ಈ ಸಲ ತುಂಬಾ ಚೆನ್ನಾಗಿ ಮುಳುಗಿದ್ರಿ."

ಅವರದ್ದು ಒಂದು ನಿಯಮವಿತ್ತು. ಆಟದ ಪುಸ್ತಕದಲ್ಲಿಲ್ಲದ, ಅವರೇ ಮಾಡಿಕೊಂಡ ನಿಯಮ. ಹಗ್ಗ ಕಟ್ಟದ ಹಡಗನ್ನು ನೀರಿಗೆ ಇಳಿಸಬಾರದು. ಕಂಪನಿಯ ಹಡಗಿಗೆ ಕಂಬ ಇರುತ್ತದೆ, ಹಾಯಿ ಇರುತ್ತದೆ, ಹಗ್ಗ ಇರುವುದಿಲ್ಲ. ಯಾರೂ ಕಟ್ಟುವುದೂ ಇಲ್ಲ. ಇವರು ಕಟ್ಟುತ್ತಿದ್ದರು. ಅದೂ ಎಂಥ ಹಗ್ಗ! ಟೀ ಲೋಟದಲ್ಲಿ ಕುದಿನೀರು ಹಾಕಿ, ಒಂದು ರೇಷ್ಮೆ ಗೂಡನ್ನು ಬಿಟ್ಟು, ಹಳೆ ಬ್ರಷ್ಷಿನಿಂದ ಮೆಲ್ಲಗೆ ನೇವರಿಸಿದರೆ ಎಳೆಯ ತುದಿ ಮೇಲೆ ಬರುತ್ತಿತ್ತು. ಅದನ್ನು ಬೆರಳಿಗೆ ಸುತ್ತಿಕೊಂಡು ಎಳೆಯುತ್ತಾ ಹೋಗುವುದು. ಗೂಡು ನೀರಿನಲ್ಲಿ ಕುಣಿಯುತ್ತಿತ್ತು. ನನ್ನ ಕಣ್ಣಿಗೆ ಆ ಎಳೆ ಕಾಣುತ್ತಲೇ ಇರಲಿಲ್ಲ. ಅವರು ಅದನ್ನು ಕಂಬದಿಂದ ಕಂಬಕ್ಕೆ ಕಟ್ಟಿ, ಗಂಟು ಹಾಕಿ, ಕಿಟಕಿಯ ಬೆಳಕಿಗೆ ಹಿಡಿದಾಗ ಮಾತ್ರ ಮಿಂಚುತ್ತಿತ್ತು.

ಗೂಡು ಹಸಿಯಾಗಿರಬೇಕು, ಒಳಗೆ ಹುಳ ಜೀವಂತ ಇರಬೇಕು. ಒಣಗಿಸಿದ ಗೂಡಿನ ಎಳೆ ತುಂಡಾಗುತ್ತದೆ ಎಂದು ಅವರ ಹಟ. ನೂಲು ಬಿಚ್ಚುವವರು ಹಾಗೇನಿಲ್ಲ ಅನ್ನುತ್ತಾರಂತೆ. ಇವರು ಕೇಳಬೇಕಲ್ಲ.

ಕುದಿನೀರಿನಲ್ಲಿ ಬೆರಳದ್ದುವುದನ್ನು ನೋಡಿ ಮೊದಲ ಸಲ ನಾನು "ಅಯ್ಯೋ" ಎಂದು ಕೂಗಿದ್ದೆ. ಅವರು ಬೆರಳು ತೋರಿಸಿದರು. ತುದಿಗಳು ನುಣ್ಣಗೆ, ಗೆರೆಯೇ ಇಲ್ಲದಂತೆ. "ಏನೂ ಗೊತ್ತಾಗಲ್ಲ ಸಾರ್. ಬಿಚ್ಚಾಣಿಕೇಲಿ ಬಿಟ್ಟು ಬಂದ್ವಿ ಅದನ್ನ." ಅವರ ತಾಯಿ ನೂಲು ಬಿಚ್ಚುವ ಘಟಕದಲ್ಲಿ ಕೂಲಿ. ಶಾಲೆ ಬಿಟ್ಟ ಕೂಡಲೇ ಅಕ್ಕ ತಂಗಿ ಇಬ್ಬರೂ ಅಮ್ಮನ ಪಕ್ಕ ಗೂಡು ಬೇಯಿಸುವ ಬಾಂಡ್ಲಿಯ ಮುಂದೆ ಕೂರುತ್ತಿದ್ದರಂತೆ, ಆ ಆವಿಯಲ್ಲೇ ಮಗ್ಗಿ ಬಾಯಿಪಾಠ. ಇದನ್ನು ಅವರು ಕಷ್ಟದ ಕತೆಯಾಗಿ ಎಂದೂ ಹೇಳಲಿಲ್ಲ. ಅಯ್ಯೋ ಪಾಪ ಎಂದರೆ ಕಣ್ಣು ಕೆಕ್ಕರಿಸುತ್ತಿದ್ದರು.

ಆದರೆ ಆ ಆವಿ ಅವರನ್ನು ಬಿಟ್ಟಿರಲಿಲ್ಲ. ಮೊದಲು ಮೆಟ್ಟಿಲು ಹತ್ತುವಾಗ ಏದುಸಿರು. ಆಮೇಲೆ ಬೋರ್ಡಿನ ಮೇಲೆ ಒಂದು ಸಾಲು ಬರೆದು ನಿಲ್ಲುವುದು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಶ್ವಾಸಕೋಶ ಗಟ್ಟಿಯಾಗುತ್ತಾ ಬರುವ ಕಾಯಿಲೆ, ನಿಧಾನ ಮಾಡಬಹುದು, ವಾಸಿ ಮಾಡಲಿಕ್ಕಾಗುವುದಿಲ್ಲ ಎಂದರು ಡಾಕ್ಟರು. ಹೊಗೆ, ಧೂಳು, ಮುಖ್ಯವಾಗಿ ಗೂಡಿನ ಆವಿ ಹತ್ತಿರ ಸುಳಿಯಕೂಡದು. ಹೊರಗೆ ಬಂದು ಎಳನೀರು ಕುಡಿಯುವಾಗ ಅವರು ಕೇಳಿದ ಮೊದಲ ಮಾತು, "ಹಗ್ಗಕ್ಕೇನು ಮಾಡೋದು ಸಾರ್?"

ನನಗೆ ತಡೆಯಲಾಗಲಿಲ್ಲ. "ಉಸಿರು ನೋಡ್ಕೊಳಿ ಮೇಡಂ ಮೊದಲು, ಹಗ್ಗ ಹಾಳಾಗಿ ಹೋಗ್ಲಿ" ಅಂದೆ.

"ಉಸಿರನ್ನ ಡಾಕ್ಟ್ರು ನೋಡ್ತಾರೆ. ಹಗ್ಗ ಯಾರು ನೋಡ್ತಾರೆ?"

ಆಗ ಅದಕ್ಕೊಂದು ದಾರಿ ಮಾಡಿದವರು ತಂಗಿ. ಬೈದುಕೊಂಡೇ ಮಾಡಿದರು. ಸಣ್ಣ ಗ್ಯಾಸ್ ಸ್ಟೌವನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ, ನಡುಮನೆಯ ಕಿಟಕಿ ಭದ್ರವಾಗಿ ಮುಚ್ಚಿಸಿ, ಹೊರಗೆ ಕೂತು ಗೂಡು ಬಿಚ್ಚುವುದು. ಎಳೆಯನ್ನು ಬೆಂಕಿಕಡ್ಡಿಗೆ ಸುತ್ತಿ, ಆವಿ ಪೂರ್ತಿ ಹೋದ ಮೇಲೆ ಒಳಗೆ ತಂದು ಕೊಡುವುದು. "ಅಂಗಡಿ ದಾರ ಕಟ್ಟಕ್ಕಾ, ಯಾರು ನೋಡ್ತಾರೆ?" ಎನ್ನುತ್ತಿದ್ದರು ಪ್ರತಿ ಸಲ.

"ನಾನ್ ನೋಡ್ತೀನಲ್ಲ ಕಣೇ."

ಸ್ಟೌ ಎತ್ತಿಕೊಂಡು ಹೋಗುವುದು ಆ ಮನೆಯ ಅಭ್ಯಾಸವಾಗಿಬಿಟ್ಟಿತು. ಕೆಲವು ಸಲ ನಾನೂ ಎತ್ತಿಕೊಟ್ಟಿದ್ದೇನೆ.

ಆ ಹೊತ್ತಿನಲ್ಲೇ ಹೊಸ ಆಟದ ಸುದ್ದಿ ಬಂದದ್ದು. ಯಾವುದೋ ದೂರದ ದೇಶದ ಕಂಪನಿ. ಕಟ್ಟುಕತೆಯ ಲೋಕದ ಸಮುದ್ರಯುದ್ಧ. ಒಂದು ಪಡೆಯಲ್ಲಿ ಸತ್ತವರ ಹಡಗುಗಳು, ಎಲುಬಿನ ಮೈ, ಹರಿದ ಹಾಯಿ. ಇನ್ನೊಂದರಲ್ಲಿ ಬೆನ್ನ ಮೇಲೆ ಕೋಟೆ ಹೊತ್ತ ಆಮೆಗಳು. ಮತ್ತೊಂದರಲ್ಲಿ ಮೋಡಕ್ಕೆ ಸರಪಳಿ ಬಿಗಿದು ಎಳೆಸಿಕೊಳ್ಳುವ ತೇಲುವ ಊರು. ಜೊತೆಗೆ ಕೊಳ್ಳಬಹುದಾದ ಬಿಡಿ ಸಾಮಾನೂ ಬೇಕಾದಷ್ಟು: ರಬ್ಬರಿನ ಸಮುದ್ರ, ಗಾಳಿಯ ದಿಕ್ಕು ತೋರಿಸುವ ಚಕ್ರ, ತಿರುವು ಅಳೆಯುವ ಪಟ್ಟಿ, ಬಂಡೆಗಳು, ನೀರೊಳಗಿನ ರಾಕ್ಷಸರು. ಮೊಬೈಲಿನಲ್ಲಿ ಒಂದೊಂದೇ ಚಿತ್ರ ಬಿಡುತ್ತಿದ್ದರು, ಹಬ್ಬಕ್ಕೆ ಮುಂಚೆ ಸೀರೆ ಅಂಗಡಿಯವರು ಆಸೆ ತೋರಿಸಿದ ಹಾಗೆ. ಮೇಡಂ ಮುಂಗಡ ಕಟ್ಟಿಬಿಟ್ಟರು. ಹಡಗುಗಳನ್ನಷ್ಟೇ ತರಿಸಿದ್ದು. ಉಳಿದದ್ದೆಲ್ಲ ತಾವೇ ಮಾಡಿಕೊಳ್ಳುತ್ತೇನೆ ಎಂದರು.

ರಜೆ ಹಾಕಿ ಮನೆಯಲ್ಲಿ ಕೂತ ಮೇಲೆ ಅದೇ ಕೆಲಸ. ಗಾಳಿಯ ಚಕ್ರಕ್ಕೆ ಬಿಸ್ಕತ್ ಡಬ್ಬಿಯ ಮುಚ್ಚಳ, ಕೆಟ್ಟ ಗಡಿಯಾರದ ಮುಳ್ಳು. ಅಳೆಯುವ ಪಟ್ಟಿಗೆ ತೆಂಗಿನ ಪೊರಕೆಯ ಕಡ್ಡಿ. ಬಂಡೆಗಳಿಗೆ ರಸ್ತೆ ಬದಿಯ ಜಲ್ಲಿಕಲ್ಲು, ನಾನೇ ಬಸ್‌ಸ್ಟಾಂಡಿನ ಹತ್ತಿರದ ರಾಶಿಯಿಂದ ಜೇಬು ತುಂಬ ತಂದುಕೊಟ್ಟದ್ದು. ಹೊಸ ಹಡಗುಗಳನ್ನು ಇಡುವ ಬಂದರಿಗೆ ಒಂದು ಹಳೆಯ ಚಂದ್ರಿಕೆ ತರಿಸಿದರು. ಹಣ್ಣಾದ ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆ ಅದು, ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಸುತ್ತಿರುತ್ತದೆ. ಒಂದೊಂದು ಸಂದಿಗೆ ಒಂದೊಂದು ಹಡಗು ಎಂದು ಗೊತ್ತು ಮಾಡಿದರು. ಮೂಗಿಗೆ ಆಕ್ಸಿಜನ್ ಕೊಳವೆ, ಪಕ್ಕದಲ್ಲಿ ಬುಸುಗುಟ್ಟುವ ಮಷಿನು, ತೊಡೆಯ ಮೇಲೆ ಚಂದ್ರಿಕೆ. ಹಾಗೆ ಕೂತವರ ಮುಖದಲ್ಲಿ ಮದುವೆ ಮನೆಯ ಕಳೆ ಇರುತ್ತಿತ್ತು.

ಹಡಗು ಮಾತ್ರ ಬರಲಿಲ್ಲ. ಮೊದಲು ಅಚ್ಚು ಸರಿಬರಲಿಲ್ಲ ಎಂದರು. ಆಮೇಲೆ ಡಬ್ಬದ ಮುದ್ರಣ ತಡವಾಯಿತು ಎಂದರು. ಆಮೇಲೆ ಸಾಗಣೆ. ಸ್ಟಾಫ್ ರೂಮಿನವರು ಫೋನು ಮಾಡಿ "ಮೇಡಂ, ಹಡಗು ಬಂತಾ?" ಎಂದರೆ, "ಹೊರಟಿದೆ ಸಾರ್, ಗಾಳಿ ಇಲ್ಲ" ಎನ್ನುತ್ತಿದ್ದರು. ಅವರಿಗೂ ಇರಲಿಲ್ಲ ಗಾಳಿ. ಅದನ್ನು ಹೇಳಲು ಒಂದು ವಾಕ್ಯಕ್ಕೆ ಎರಡು ಸಲ ನಿಲ್ಲಬೇಕಾಗುತ್ತಿತ್ತು.

ಹಳೆ ಹಡಗುಗಳಲ್ಲಿ ಆಡೋಣ ಎಂದರೆ ಒಲ್ಲೆ ಎಂದರು. "ಇನ್ನು ಹೊಸದ್ರಲ್ಲೇ. ನೀವು ಸತ್ತೋರ ಕಡೆ ಆಡ್ತೀರೋ, ಆಮೆ ಕಡೆನೋ?"

"ಆಮೆ."

"ಒಳ್ಳೇದಾಯ್ತು. ಸತ್ತೋರದ್ದು ನನಗಿರ್ಲಿ. ಅಭ್ಯಾಸ ಆಗ್ಲಿ."

ಇಂಥ ಮಾತೆಲ್ಲ ತಮಾಷೆಯಲ್ಲೇ. ಒಂದು ಸಲ ಮಾತ್ರ ನೇರವಾಗಿ ಹೇಳಿದರು. ತಂಗಿ ಅಂಗಡಿಗೆ ಹೋಗಿದ್ದರು. "ಸಾರ್, ಒಂದೇ ಒಂದು ಆಟ. ಪೂರ್ತಿ ಆಟ. ಗೆಲ್ಲೋದು ಸೋಲೋದು ಬೇಡ. ಅಷ್ಟಕ್ಕೆ ಇದ್ರೆ ಸಾಕು ನಾನು." ನಾನು ತಲೆಯಾಡಿಸಿದೆ. ಅವತ್ತಿನಿಂದ ಕಂಪನಿಯವರ ಸುದ್ದಿಯನ್ನು ಅವರಿಗಿಂತ ಮೊದಲು ನಾನೇ ಬಸ್ಸಿನಲ್ಲಿ ಕೂತು ನೋಡುತ್ತಿದ್ದೆ.

ದೀಪಾವಳಿಗೆ ಮುಂಚೆ ಒಂದು ದಿನ, ಹಡಗುಗಳು ಕಾರ್ಖಾನೆ ಬಿಟ್ಟವು ಎಂದು ಸುದ್ದಿ ಬಂತು. ಮೇಡಂ ಕುಣಿದಾಡಿದರು. ಕೂತಲ್ಲೇ ಕುಣಿದರು, ಅಷ್ಟೇ. ಮೇಲೂರಿನಲ್ಲಿ ಹುಳ ಮೇಯಿಸುವ ಹಳೆ ಶಿಷ್ಯೆಯೊಬ್ಬಳಿಗೆ ಫೋನು ಮಾಡಿ ಆರಿಸಿದ ಬಿಳಿ ಗೂಡು ತರಿಸಿದರು. ಒಂದು ಹಡಗಿಗೆ ಒಂದು ಗೂಡು. ಚಂದ್ರಿಕೆಯಲ್ಲಿ ಹಡಗುಗಳು ಬರಬೇಕಾದ ಸಂದಿಗಳಲ್ಲೇ ಒಂದೊಂದು ಗೂಡು ಇಟ್ಟರು. ಚಂದ್ರಿಕೆಯನ್ನು ನಡುಮನೆಯ ಮೇಜಿನ ಮೇಲೆ, ಹಾಸಿದ ಸಮುದ್ರದ ಮೇಲೆಯೇ ಒರಗಿಸಿದರು.

ತಂಗಿ ಎರಡು ಮೂರು ದಿನ ನೋಡಿ ಹೇಳಿದರು, "ಅಕ್ಕ, ಬಿಸಿಲಿಗೆ ಹಾಕ್ತೀನಿ. ಹುಳ ಸಾಯ್ಲಿ. ಇಲ್ದಿದ್ರೆ ತೂತು ಬೀಳ್ತವೆ."

"ಈ ವಾರ ಬಂದೇ ಬರ್ತದೆ ಕಣೇ. ಹಸೀದೇ ಇರ್ಲಿ."

ಶಿಡ್ಲಘಟ್ಟದ ಮಗುವಿಗೂ ಗೊತ್ತಿರುವ ವಿಷಯ ಅದು. ಬಿಡಿಸಿದ ಗೂಡನ್ನು ಬೇಗ ಬೇಯಿಸಬೇಕು, ಇಲ್ಲವೇ ಒಣಗಿಸಬೇಕು. ಬಿಟ್ಟರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಗೆ ಬರುತ್ತದೆ, ಎಳೆ ತುಂಡು ತುಂಡು. ಬಾಂಡ್ಲಿಯ ಮುಂದೆ ಬೆಳೆದ ಹೆಂಗಸು ಅದನ್ನು ಮರೆಯಲಿಲ್ಲ. ಹಡಗು ಮೊದಲು ಬರುತ್ತದೆ ಎಂದು ನಂಬಿದರು, ಅಷ್ಟೇ.

ಹಡಗು ಬರಲಿಲ್ಲ. ಮುಂದಿನ ಶನಿವಾರ ನಾನು ಹೋದಾಗ ಮೇಜಿನ ತುಂಬ ಬಿಳಿ ಚಿಟ್ಟೆಗಳು. ಹಾರಲಾರದೆ ರೆಕ್ಕೆ ಬಡಿಯುತ್ತಾ ಸಮುದ್ರದ ಮೇಲೆ ತೆವಳುತ್ತಿದ್ದವು. ತಂಗಿ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದರು. ಮೇಡಂ ಗಲ್ಲಕ್ಕೆ ಕೈಯಿಟ್ಟು ನೋಡುತ್ತಾ ಕೂತಿದ್ದರು. ನನ್ನನ್ನು ಕಂಡು ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿತ್ತು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಇವಕ್ಕೆ ಬಾಯಿ ಇಲ್ಲ ಸಾರ್. ಏನೂ ತಿನ್ನಲ್ಲ. ಮೊಟ್ಟೆ ಇಟ್ಟು ಹೋಗ್ತವೆ."

ಆಗಲೇ ಇಟ್ಟಿದ್ದವು. ನೀಲಿ ಬಟ್ಟೆಯ ಮೇಲೆ ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು, ಗುಂಪು ಗುಂಪಾಗಿ. ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಲೇ ಎಂದು ಕೇಳಿದೆ.

"ಮುಟ್ಬೇಡಿ! ಸಮುದ್ರ ಅಂದ್ಮೇಲೆ ದ್ವೀಪ ಬೇಡ್ವಾ?"

ಕೆಲವು ದಿನಗಳಲ್ಲಿ ಆ ಹಳದಿ ಬೂದಿ ಬಣ್ಣಕ್ಕೆ ತಿರುಗಿತು. ಸತ್ತವೇನೋ ಎಂದುಕೊಂಡೆ. "ಇಲ್ಲ ಸಾರ್, ಈ ಜಾತಿ ಕಾಯ್ತವೆ. ಚಳಿ ಪೂರ್ತಿ ಕಳೆದು ಬಿಸಿಲು ಬಂದ್ಮೇಲೆ ಒಡೀತವೆ. ಅಷ್ಟೊತ್ತಿಗೆ ಹಡಗೂ ಬರ್ತದೆ. ಒಡೆದ ದಿನವೇ ಹಿಪ್ಪುನೇರಳೆ ಸೊಪ್ಪು ಹಾಕ್ಬೇಕು, ತುದಿ ಎಲೆ, ಸಣ್ಣಗೆ ಹೆಚ್ಚಿ. ನೆನಪಿಟ್ಕೊಳಿ." ಆಯಿತು ಎಂದೆ. ಯಾರಾದರೂ ಹಾಗೆ ಹೇಳುವಾಗ ಆಯಿತು ಎನ್ನುತ್ತೇವಲ್ಲ, ಹಾಗೆ.

ಆಮೇಲೆ ಅವರು ಹೊಸ ಗೂಡು ತರಿಸಲಿಲ್ಲ. "ಬರ್ಲಿ, ಬಂದ್ಮೇಲೆ ನೋಡಣ" ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಭಯವಾಯಿತು. ಸಂಕ್ರಾಂತಿಯ ಎಳ್ಳು ಕೊಡಲು ಹೋದಾಗ ಮಲಗಿದ್ದರು. ಕೈಯನ್ನು ದಾಳ ಹಾಕುವಂತೆ ಅಲ್ಲಾಡಿಸಿ, ಬಂತಾ ಎಂದು ಸನ್ನೆ ಮಾಡಿದರು. ಇನ್ನೂ ಇಲ್ಲ ಮೇಡಂ, ಹಡಗಿನಲ್ಲಿ ಬರ್ತಾ ಇದೆ ಎಂದೆ. ಹಡಗು ಹಡಗಿನಲ್ಲಿ ಬರುತ್ತಿದೆ ಎಂಬುದಕ್ಕೆ ಅವರಿಗೆ ನಗು ಬಂತು, ನಗು ಕೆಮ್ಮಾಯಿತು. ಅದೇ ವಾರ ಹೋದರು. ಕಾಯುವುದೊಂದೇ ಅವರನ್ನು ಅಲ್ಲಿಯವರೆಗೆ ತಂದದ್ದು ಎಂದು ಡಾಕ್ಟರು ಹೇಳಿದರು. ನನಗೆ ಆ ಸಮಾಧಾನ ಬೇಕಿರಲಿಲ್ಲ.

ಮೊನ್ನೆ ಸಂಜೆ ಡಬ್ಬ ಹೊತ್ತುಕೊಂಡು ಅವರ ಮನೆಗೆ ಹೋದೆ. ತಂಗಿ ಬಾಗಿಲು ತೆರೆದು, ಡಬ್ಬ ನೋಡಿ, ದಾರಿ ಬಿಟ್ಟರು. ನಡುಮನೆಯಲ್ಲಿ ಕೂತು ಬಿಚ್ಚಿದೆವು. ಎಲುಬಿನ ಹಡಗುಗಳು, ಆಮೆಗಳು, ಎಲ್ಲ ಇದ್ದವು. ಚಿತ್ರದಲ್ಲಿ ಕಂಡದ್ದಕ್ಕಿಂತ ಚೆನ್ನಾಗಿದ್ದವು. ಸತ್ತವರ ಪಡೆಯ ದೊಡ್ಡ ಹಡಗಿಗೆ ಮೂರು ಕಂಬ. ತಂಗಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಹಾಸಣ ಸಾರ್" ಎಂದರು.

ಹದಿಮೂರನೇ ದಿನ ಮನೆ ತೊಳೆಯುವಾಗ ಸಮುದ್ರವನ್ನು ಮಡಿಸಿ ಬೀರುವಿನಲ್ಲಿ ಇಟ್ಟಿದ್ದರು. ಈಗ ಮೇಜಿನ ಮೇಲೆ ಬಿಡಿಸಿದರು. ಬಟ್ಟೆಯ ಮಡಿಕೆಗಳಲ್ಲಿ ಕಪ್ಪಗೆ, ಕೂದಲ ಚೂರಿನಂಥವು, ನೂರಾರು. ಮೊದಲು ಧೂಳು ಎಂದುಕೊಂಡೆ. ಬಗ್ಗಿ ನೋಡಿದೆ. ಮೊಟ್ಟೆಗಳೆಲ್ಲ ಬಿಳಿ ಸಿಪ್ಪೆಯಾಗಿದ್ದವು. ಒಡೆದಿದ್ದವು. ಚಳಿ ಕಳೆದು ಬಿಸಿಲು ಬಂದ ಮೇಲೆ, ಅವರು ಹೇಳಿದ ಹೊತ್ತಿಗೇ ಒಡೆದು, ಬೀರುವಿನ ಕತ್ತಲಲ್ಲಿ ಎಲೆ ಹುಡುಕಿ ಸತ್ತಿದ್ದವು. ನಮ್ಮಿಬ್ಬರಿಗೂ ನೆನಪಿರಲಿಲ್ಲ.

"ಅಕ್ಕ ಇದ್ದಿದ್ರೆ ಸೊಪ್ಪು ತರ್ಸಿರೋಳು" ಎಂದರು ತಂಗಿ. ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸಾವಿನ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನಾನು ಎಲುಬಿನ ಹಡಗನ್ನು ಹಿಡಿದು ಕೂತಿದ್ದೆ.

ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ಬಟ್ಟೆಯನ್ನು ಮೆಲ್ಲಗೆ ಕೊಡವಿ ಮತ್ತೆ ಹಾಸಿದರು. "ಅಕ್ಕನ ಕಡೆ ನಾನಾಡ್ತೀನಿ. ಹೇಳ್ಕೊಡಿ."

"ಹಗ್ಗ ಕಟ್ಟಿಲ್ಲಮ್ಮ" ಎಂದೆ. ನನಗರಿವಿಲ್ಲದೆ ಬಾಯಿಗೆ ಬಂದುಬಿಟ್ಟಿತು.

ಅವರು ನನ್ನ ಮುಖ ನೋಡಿದರು. ಅಂಗಡಿ ದಾರದ ಮಾತು ಎತ್ತಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ, ಎರಡು ಮನೆಯಾಚೆಯ ನೂಲು ಬಿಚ್ಚುವವರಲ್ಲಿಗೆ ಹೋಗಿ, ಸೆರಗಿನಲ್ಲಿ ನಾಲ್ಕಾರು ಹಸಿ ಗೂಡು ಕಟ್ಟಿಕೊಂಡು ಬಂದರು. ಪಾತ್ರೆಗೆ ನೀರು ತುಂಬಿಕೊಂಡರು. ಹಳೆ ಬ್ರಷ್ಷು ಹುಡುಕಿ ತೆಗೆದರು. ಅಡುಗೆಮನೆಯಿಂದಲೇ ಕೂಗಿ ಹೇಳಿದರು:

"ಸಾರ್, ಆ ಕಿಟಕಿ ಮುಚ್ಚಿ, ಸ್ಟೌ ಹಿತ್ತಲಿಗೆ ಎತ್ಕೊಂಡ್ ಬರ್ತೀರಾ? ಅಕ್ಕಂಗೆ ಆವಿ ಆಗಲ್ಲ."

ಹೇಳಿದ್ದೇನೆಂದು ಅವರಿಗೇ ಗೊತ್ತಾಗಲಿಲ್ಲ. ಪಾತ್ರೆ ಹಿಡಿದುಕೊಂಡು ಹಿತ್ತಲ ಬಾಗಿಲು ದಾಟಿ ಆಗಲೇ ಹೋಗಿದ್ದರು. ನಾನು ನಡುಮನೆಯ ಕಿಟಕಿಯನ್ನು ಭದ್ರವಾಗಿ ಮುಚ್ಚಿ, ಚಿಲಕ ಹಾಕಿ, ಸ್ಟೌ ಎತ್ತಿಕೊಂಡು ಹಿತ್ತಲಿಗೆ ಹೋದೆ.